ಒಂಬತ್ತನೆಯ ಲಾರ್ಡ್ ಗುಂಡಿಗಿಳಿದದ್ದು

ಎಂಟನೆಯ ಲಾರ್ಡ್ ಕಿಲ್‌ಬ್ರೆನಕ್ ತೀರಿಕೊಂಡ ಸುದ್ದಿ ಬಂದಾಗ ಒಂಬತ್ತನೆಯ ಲಾರ್ಡ್ ಕಿಲ್‌ಬ್ರೆನಕ್ ತನ್ನ ಅಂಗಡಿಯ ಹಿತ್ತಿಲಲ್ಲಿ ಅಂಗಾತ ಮಲಗಿ, ಸೀಮೆಎಣ್ಣೆ ಪೀಪಾಯಿಯ ಸೋರುವ ನಲ್ಲಿಗೆ ಚಿಂದಿ ಸುತ್ತುತ್ತಿದ್ದ. ತಾನು ಲಾರ್ಡ್ ಆಗಿದ್ದೇನೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಈ ಪದವಿಗಳ ರೀತಿಯೇ ಹಾಗೆ. ಒಬ್ಬನ ಉಸಿರು ನಿಂತ ಗಳಿಗೆಯಲ್ಲೇ ಇನ್ನೊಬ್ಬನ ತಲೆಯ ಮೇಲೆ ಬಂದು ಕೂರುತ್ತವೆ, ಆ ತಲೆ ಆಗ ಯಾವ ಪೀಪಾಯಿಯ ಕೆಳಗೆ ತೂರಿಕೊಂಡಿದೆ ಎಂದು ಬಗ್ಗಿ ನೋಡುವುದಿಲ್ಲ.

ಸುದ್ದಿ ತಂದವನು ಪಕ್ಕದ ಹೊಲದ ಥ್ಯಾಡಿ ಮುಲ್ವಿಹಿಲ್. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಥ್ಯಾಡಿ ಟೋಪಿ ತೆಗೆಯುತ್ತಿದ್ದುದು ದೇವರ ಮುಂದೆ ಮತ್ತು ಸಾವಿನ ಮುಂದೆ ಮಾತ್ರ.

"ದೊಡ್ಡಮನೆ ಮುದುಕ ಹೋದ್ನಂತೆ, ಮ್ಯಾಲಕಿ."

"ಎಲ್ಲಿಗೆ?"

"ಎಲ್ಲಿಗೆ ಅಂತ ಹೇಗೆ ಹೇಳ್ಲಿ ಮಾರಾಯಾ? ಪ್ರೊಟೆಸ್ಟೆಂಟ್ ಬೇರೆ."

ಮ್ಯಾಲಕಿ ಡೆವನಿಶ್ ಎದ್ದು ಕೂತ. ಕೈಯಿಂದ ಸೀಮೆಎಣ್ಣೆ ತೊಟ್ಟಿಕ್ಕುತ್ತಿತ್ತು. ಥ್ಯಾಡಿ ಅವನನ್ನು ಮೇಲಿಂದ ಕೆಳಗೆ ನೋಡಿ, ಟೋಪಿ ಎದೆಗೊತ್ತಿ, ನೆಲಕ್ಕೆ ಮೂಗು ತಾಗುವಷ್ಟು ಬಾಗಿದ. "ಲಾರ್ಡ್ ಸಾಹೇಬ್ರಿಗೆ ಅಡ್ಡಬಿದ್ದೆ. ಬೆಂಕಿ ಹತ್ರ ಮಾತ್ರ ಹೋಗ್ಬೇಡಿ ದೊರೆಗಳೇ, ಇವತ್ತೇ ಹತ್ತನೇ ಲಾರ್ಡನ್ನ ಹುಡುಕ್ಬೇಕಾಗುತ್ತೆ."

ಈ ಅಂಗಡಿಯವನ ತಲೆಗೆ ಆ ಪದವಿ ಬಂದು ಕೂತದ್ದು ಹೇಗೆ ಅನ್ನುವುದನ್ನು ಊರಿನ ಶಾಲೆಯ ಮಕ್ಕಳೂ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. ಮ್ಯಾಲಕಿಯ ಮುತ್ತಜ್ಜ ನಾಲ್ಕನೆಯ ಲಾರ್ಡನ ಕಿರಿಮಗ. ಬೆಣ್ಣೆ ಕಡೆಯಲು ಬರುತ್ತಿದ್ದ ಹುಡುಗಿಯನ್ನು, ಅದೂ ಕ್ಯಾಥೊಲಿಕ್ ಹುಡುಗಿಯನ್ನು, ಹಾಡಹಗಲೇ ಮದುವೆಯಾದ. ಕದ್ದು ಮಾಡಿಕೊಂಡಿದ್ದರೆ ದೊಡ್ಡಮನೆಯವರು ಹೇಗೋ ಸಹಿಸಿಕೊಳ್ಳುತ್ತಿದ್ದರೇನೋ. ಅವನನ್ನು ಮುಂಬಾಗಿಲಿನಿಂದ ಹೊರಗೆ ಹಾಕಿದರು. ಅಂದಿನಿಂದ ಅವನ ವಂಶದ ಯಾರೂ ಆ ಬಾಗಿಲು ದಾಟಿರಲಿಲ್ಲ. ಮ್ಯಾಲಕಿಯೂ ಸೀಮೆಎಣ್ಣೆ ಕೊಟ್ಟು ಬರುತ್ತಿದ್ದುದು ಹಿಂಬಾಗಿಲಿಗೆ. ಅತ್ತ ದೊಡ್ಡಮನೆಯ ಗಂಡುಸಂತಾನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತ ಬಂತು. ಇಬ್ಬರನ್ನು ಮೊದಲ ಮಹಾಯುದ್ಧ ನುಂಗಿತು, ಒಬ್ಬ ಕುದುರೆಯಿಂದ ಬಿದ್ದ, ಇನ್ನೊಬ್ಬ ಕೀನ್ಯಾಕ್ಕೆ ಹೋಗಿ ಕುದುರೆಯೇ ಇಲ್ಲದೆ ಬಿದ್ದ. ಎಂಟನೆಯ ಲಾರ್ಡನಿಗೆ ಉಳಿದವಳು ಮಗಳೊಬ್ಬಳೇ, ಮಿಸ್ ಲೆಟಿ. ಹೆಣ್ಣಿಗೆ ಅಪ್ಪನ ಮನೆ ಬರಬಹುದು, ಮನೆಯ ಸೋರುವ ಸೂರು ಬರಬಹುದು, ಅಪ್ಪನ ಉದ್ದ ಮೂಗು ಬರಬಹುದು, ಪದವಿ ಮಾತ್ರ ಬರುವುದಿಲ್ಲ. ಅದು ಊರೆಲ್ಲ ಸುತ್ತಿ, ಗಂಡಸೊಬ್ಬ ಸಿಗುವ ತನಕ ಹುಡುಕಿ, ಕೊನೆಗೆ ಮೊಳೆ ಮತ್ತು ಚಹಾಪುಡಿ ಮಾರುವ ಅಂಗಡಿಗೆ ಬಂದು ತಲುಪಿತ್ತು.

ಬಂದು ತಲುಪಿದ್ದಾದರೂ ಏನು? ಅದು ಐವತ್ತೇಳರ ಮಾರ್ಚ್ ತಿಂಗಳು. ಐರ್ಲೆಂಡ್ ಗಣರಾಜ್ಯವಾಗಿ, ಸರ್ಕಾರ ಇಂಥ ಪದವಿಗಳನ್ನು ಮೂಸಿಯೂ ನೋಡುತ್ತಿರಲಿಲ್ಲ. ಜಮೀನಿಲ್ಲ, ಸಂಬಳವಿಲ್ಲ, ಕೂರಲು ಯಾವ ಸಭೆಯೂ ಇಲ್ಲ. ಶಾಲೆಯಲ್ಲಿ ಹರಿದ ಚಡ್ಡಿ ಹಾಕಿಕೊಂಡ ದಿನದಿಂದ ಎಲ್ಲರೂ ಅವನನ್ನು 'ಲಾರ್ಡ್' ಎಂದೇ ಗೇಲಿ ಮಾಡುತ್ತಿದ್ದರು. ಅವರಿಗಿಂತ ಮೊದಲೇ, ಅವರಿಗಿಂತ ಜೋರಾಗಿ ತನ್ನನ್ನು ತಾನೇ ಗೇಲಿ ಮಾಡಿಕೊಂಡರೆ ಪೆಟ್ಟು ಕಡಿಮೆ ಎಂದು ಮ್ಯಾಲಕಿ ಆಗಲೇ ಕಲಿತಿದ್ದ. ಈಗ ಅರವತ್ತರ ಹತ್ತಿರ ಬಂದರೂ ಆ ಚಾಳಿ ಬಿಟ್ಟಿರಲಿಲ್ಲ. ಅಂಗಡಿಯ ಹಿಂಭಾಗದಲ್ಲಿದ್ದ ಹೆಂಡದ ಕಟ್ಟೆಯಲ್ಲಿ ಬಿಯರ್ ಸುರಿದು ಕೊಡುವಾಗ "ಲಾರ್ಡರ ಕೈಯಿಂದ ಕುಡೀತಿದ್ದೀಯಾ, ಪುಣ್ಯವಂತ" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು.

ಆದರೆ ಒಳಗೊಂದು ಆಸೆ ಇತ್ತು. ಹೆಂಡತಿಗೂ ಹೇಳಿರಲಿಲ್ಲ. ಪದವಿಯನ್ನು ಕಟ್ಟಿಕೊಂಡು ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಆ ಮನೆಯವರು ಒಂದೇ ಒಂದು ಸಲ, ನಾಲ್ಕು ಜನರ ಎದುರಿಗೆ, ಇವನು ನಮ್ಮವನು ಎಂದು ಒಪ್ಪಿಕೊಳ್ಳಬೇಕು ಅನ್ನುವುದೇ ಆ ಆಸೆ.

ಮುದುಕ ಅರ್ಧ ಒಪ್ಪಿಕೊಂಡಿದ್ದ. ಪ್ರತಿ ಗುರುವಾರ ಅಂಗಡಿಗೆ ಬಂದು, ಹಿಂದಿನ ಕಟ್ಟೆಗೆ ಮೊಣಕೈ ಊರಿ, ಪುಟ್ಟ ಗ್ಲಾಸಿನಲ್ಲಿ ವಿಸ್ಕಿ ಹೀರುತ್ತಿದ್ದ. ಆರಡಿ ಮೀರಿದ ಆಳು. ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು. ಆ ಬಾಗಿಲಲ್ಲಿ ಹಾಗೆ ತಲೆ ತಗ್ಗಿಸುವ ಇನ್ನೊಬ್ಬನೆಂದರೆ ಮ್ಯಾಲಕಿಯೇ.

"ಏನಪ್ಪಾ ವಾರಸುದಾರ, ಹೇಗಿದ್ದೀಯಾ?" ಎಂದು ಮುದುಕ ಕೇಳುತ್ತಿದ್ದ.

"ಕಾಯ್ತಾ ಇದ್ದೀನಿ ದೊರೆಗಳೇ."

"ಅವಸರ ಮಾಡ್ಬೇಡ."

ಅಷ್ಟೇ ಮಾತು. ವರ್ಷಗಟ್ಟಲೆ ಅದೇ ಮಾತು, ಅದೇ ನಗು. ಮಿಸ್ ಲೆಟಿ ಅದನ್ನೂ ಆಡುತ್ತಿರಲಿಲ್ಲ. ಅವಳಿಗೆ ಅವನನ್ನು ಏನೆಂದು ಕರೆಯಬೇಕು ಎಂಬುದೇ ತೊಡಕು. ಮಿಸ್ಟರ್ ಡೆವನಿಶ್ ಅನ್ನೋಣವೆಂದರೆ ಅದು ಅವಳದೇ ಮನೆತನದ ಹೆಸರು. ಮ್ಯಾಲಕಿ ಅಂದರೆ ಸಲಿಗೆಯಾಯಿತು. ಹೀಗಾಗಿ ಹಿಂಬಾಗಿಲಲ್ಲಿ ನಿಂತು ಯಾವ ಹೆಸರೂ ಇಲ್ಲದೆ "ಡಬ್ಬಿ ಅಲ್ಲೇ ಇಡಿ" ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದಳು.

ಆ ಸಂಜೆ ಮ್ಯಾಲಕಿಯ ಹೆಂಡತಿ ಡೆಲಿಯ ಆಲೂಗಡ್ಡೆ ಸುಲಿಯುತ್ತ ಕೇಳಿದಳು, "ಹಾಗಾದ್ರೆ ನಾನೀಗ ಲೇಡಿ ಕಿಲ್‌ಬ್ರೆನಕ್?"

"ಲೆಕ್ಕಕ್ಕೆ ಹೌದು."

"ಸರಿ, ಲೇಡಿಯವ್ರ ಅಪ್ಪಣೆ ಆಗಿದೆ. ಹೋಗಿ ಕೋಳಿಗೂಡಿನ ಬಾಗಿಲು ಹಾಕ್ಕೊಂಡು ಬಾ."

ಹೋಗಿ ಹಾಕಿ ಬಂದ. ಬಂದವನು ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯಲು ಶುರುಮಾಡಿದ. ಲಾರ್ಡ್ ಆದವನು ರುಜು ಹಾಕುವಾಗ ಹೆಸರು ಬರೆಯುವುದಿಲ್ಲ, ಪದವಿಯೊಂದನ್ನೇ ಬರೆಯುತ್ತಾನೆ ಎಂದು ಎಲ್ಲೋ ಕೇಳಿದ್ದ. ಗದ್ದ ಮೇಲೆತ್ತಿ, ಕಣ್ಣು ಕಿರಿದು ಮಾಡಿ, ಕನ್ನಡಿಗೆ "ಕಿಲ್‌ಬ್ರೆನಕ್" ಎಂದ. ಸಾಲದು ಅನ್ನಿಸಿ ಇನ್ನೂ ಗಂಭೀರವಾಗಿ "ಕಿಲ್‌ಬ್ರೆನಕ್" ಎಂದ. ಬ್ಲೇಡು ಗದ್ದಕ್ಕೆ ತಾಗಿ ರಕ್ತ ಬಂತು. ಹಿಂದಿನಿಂದ ಡೆಲಿಯ ಬಟ್ಟೆಚೂರು ಚಾಚಿದಳು.

"ತಗೋ. ದೊಡ್ಡ ಮನೆತನದೋರದ್ದು ನೀಲಿ ರಕ್ತ ಅಂತಾರಲ್ಲ, ನಂಗೇನೋ ಕೆಂಪಾಗೇ ಕಾಣ್ತಿದೆ."

ಮಾರನೆಯ ದಿನ ಪ್ರೊಟೆಸ್ಟೆಂಟ್ ಚರ್ಚಿನ ಪಾದ್ರಿ, ರೆವರೆಂಡ್ ಗಿಲ್ಪಿನ್, ತೋಳಿನ ಮೇಲೆ ಒಂದು ಕರಿ ಕೋಟು ಹೊತ್ತು ಅಂಗಡಿಗೆ ಬಂದ. ಹೊಸ್ತಿಲಲ್ಲೇ ನಿಂತು "ಲಾರ್ಡ್ ಕಿಲ್‌ಬ್ರೆನಕ್" ಎಂದ. ಯಾರನ್ನು ಕರೆಯುತ್ತಿದ್ದಾನೆ ಎಂದು ಮ್ಯಾಲಕಿ ತಿರುಗಿ ನೋಡಿದ. ಹಿಂದೆ ಉಪ್ಪಿನ ಮೂಟೆ ಬಿಟ್ಟರೆ ಯಾರೂ ಇರಲಿಲ್ಲ.

"ಇದು ಆ ಮನೆಯ ಪದ್ಧತಿ," ಎಂದು ಪಾದ್ರಿ ಕೋಟನ್ನು ಕಟ್ಟೆಯ ಮೇಲೆ ಹಾಸಿದ. "ಹಳೇ ಲಾರ್ಡನ್ನ ಮಣ್ಣು ಮಾಡೋ ದಿನ ಹೊಸ ಲಾರ್ಡ್ ಈ ಕೋಟು ಹಾಕ್ಕೋಬೇಕು. ಆರನೆಯವರು ಹಾಕ್ಕೊಂಡಿದ್ರು, ಏಳನೆಯವರು ಹಾಕ್ಕೊಂಡಿದ್ರು, ಈಗ ಹೋದವರೂ ಹಾಕ್ಕೊಂಡಿದ್ರು. ಪೆಟ್ಟಿಗೆ ಚರ್ಚಿನಿಂದ ಹೊರಗೆ ಬಂದಾಗ ಅದರ ಬೆನ್ನಿಗೇ ನೀವು, ಒಬ್ಬರೇ. ನಿಮ್ಮ ಹಿಂದೆ ಮಿಸ್ ಲೆಟಿ. ಅವರ ಹಿಂದೆ ಉಳಿದವರು."

"ಮಿಸ್ ಲೆಟಿ ಹಿಂದೆನಾ? ಮಗಳಲ್ವಾ?"

"ಮಗಳೇ. ಆದ್ರೆ ಪದ್ಧತಿ ಅಂದ್ರೆ ಪದ್ಧತಿ. ಅವರೇ ಕೋಟು ತೆಗೆದುಕೊಟ್ರು, ಒಂದು ಮಾತೂ ಆಡ್ಲಿಲ್ಲ."

ಇಲ್ಲಿ ಮ್ಯಾಲಕಿ ಬಾಯಿ ಬಿಡಬಹುದಿತ್ತು. ಅವಳೇ ಮುಂದೆ ನಡೆಯಲಿ, ನಾನು ಗೋಡೆಯ ಪಕ್ಕ ನಿಂತಿರುತ್ತೇನೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಕೈಗಳು ತಮ್ಮಷ್ಟಕ್ಕೆ ಕೋಟಿನ ತೋಳಿನೊಳಗೆ ನುಗ್ಗಿಬಿಟ್ಟವು. ಕೋಟು ಭುಜಕ್ಕೆ ಸರಿಯಾಗಿ ಕೂತಿತು, ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಹುಳ ತಿಂದ ತೂತುಗಳು ಕೂಡ ತನ್ನ ಅಳತೆಗೇ ಮಾಡಿಸಿದಂತೆ ಅವನಿಗೆ ಕಂಡವು. ಶವಪೆಟ್ಟಿಗೆಯ ಬೆನ್ನಿಗೇ, ಇಡೀ ಊರಿನ ಎದುರು! ಅವನು ಉಗುಳು ನುಂಗಿ, "ಪದ್ಧತಿ ಅಂದ್ಮೇಲೆ ಏನ್ಮಾಡೋಕಾಗುತ್ತೆ" ಎಂದ. ತಾನೇ ಆ ಪದ್ಧತಿಯನ್ನು ಹೊತ್ತು ತಿರುಗಿದವನ ಹಾಗೆ ನಿಟ್ಟುಸಿರು ಬೇರೆ ಬಿಟ್ಟ.

ಪಾದ್ರಿ ಹೋದ ಮೇಲೆ ಡೆಲಿಯ ಕೋಟಿನ ಕಾಲರಿನ ಧೂಳು ಕೊಡವಿದಳು.

"ಚೆನ್ನಾಗಿದೆ. ಒಂದೇ ಮಾತು ಕೇಳ್ತೀನಿ. ನಾಳೆ ನೀನು ಸತ್ತಾಗ ನಮ್ಮ ಊನಾ ಲಿವರ್‌ಪೂಲಿಂದ ಓಡಿ ಬರ್ತಾಳೆ. ಅವಳು ಯಾವ ಅಂಗಡಿಯವನ ಹಿಂದೆ ನಡೀಬೇಕು?"

ಊನಾ ಅವರ ಒಬ್ಬಳೇ ಮಗಳು. "ಪದವಿ ನನ್ನ ಜೊತೆಗೇ ಮುಗಿಯುತ್ತೆ, ಆ ಪ್ರಶ್ನೆ ಬರೋದಿಲ್ಲ" ಎಂದು ಮ್ಯಾಲಕಿ ಗೊಣಗಿ, ತಮ್ಮ ಕ್ಯಾಥೊಲಿಕ್ ಚರ್ಚಿನ ಫಾದರ್ ಕ್ವಿಲ್ಟಿಯವರನ್ನು ಕಾಣಲು ಹೊರಟ. ಅಲ್ಲಿ ಇನ್ನೊಂದು ಗಂಟು ಬಿಚ್ಚಬೇಕಿತ್ತು. ಆ ಕಾಲದಲ್ಲಿ ಕ್ಯಾಥೊಲಿಕ್ ಆದವನು ಪ್ರೊಟೆಸ್ಟೆಂಟ್ ಚರ್ಚಿನೊಳಗೆ ಪ್ರಾರ್ಥನೆಗೆ ಕಾಲಿಡುವಂತಿರಲಿಲ್ಲ. ಜೀವದ ಗೆಳೆಯ ಸತ್ತರೂ ಹೊರಗೆ ನಿಂತು ಸಿಗರೇಟು ಸೇದಬೇಕು.

"ಒಳಗೆ ಹೋದ್ರೆ ಪಾಪ," ಎಂದರು ಫಾದರ್ ಕ್ವಿಲ್ಟಿ. "ಲಾರ್ಡ್ ಆದ್ರೂ ಪಾಪ, ಲಾಡಿ ಮಾರೋನಾದ್ರೂ ಪಾಪ."

"ಬಾಗಿಲ ಹತ್ರ ನಿಂತ್ಕೊಂಡು, ಪೆಟ್ಟಿಗೆ ಬಂದ್ಮೇಲೆ ಹಿಂದೆ ಸೇರ್ಕೊಂಡ್ರೆ ಫಾದರ್?"

"ಹೊಸ್ತಿಲಿಂದ ಆಚೆಗಾ ಈಚೆಗಾ?"

"ಈಚೆಗೆ."

"ಹಾಗಾದ್ರೆ ಪರ್ವಾಗಿಲ್ಲ. ಆದ್ರೆ ಹಾಡು ಕೇಳಿಸಿದ್ರೆ ಜೊತೆಗೆ ಗುನುಗ್ಬೇಡ."

ಮಣ್ಣು ಮಾಡುವ ಬೆಳಿಗ್ಗೆ ಮ್ಯಾಲಕಿ ಗದ್ದದ ಗಾಯವನ್ನೇ ಮತ್ತೆ ಕೊಯ್ದುಕೊಂಡು, ಬಟ್ಟೆಚೂರು ಅಂಟಿಸಿ, ಕೋಟು ತೊಟ್ಟು ಚರ್ಚಿನ ಅಂಗಳಕ್ಕೆ ಬಂದಾಗ ಒಳಗೆ ಪ್ರಾರ್ಥನೆ ಶುರುವಾಗುವುದರಲ್ಲಿತ್ತು. ಒಳಗೆ ಮಿಸ್ ಲೆಟಿ ಮತ್ತು ಬೆರಳೆಣಿಕೆಯ ಪ್ರೊಟೆಸ್ಟೆಂಟರು. ಹೊರಗೆ ಗೋಡೆಯುದ್ದಕ್ಕೂ ಊರಿಗೆ ಊರೇ ಸಿಗರೇಟು ಸೇದುತ್ತ ನಿಂತಿತ್ತು. ಮ್ಯಾಲಕಿ ಬಾಗಿಲ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತ.

ಆ ಸೀಮೆಯಲ್ಲಿ ಸಾವಾದ ಮನೆಯವರ ಕೈ ಕುಲುಕಿ "ನಿಮ್ಮ ದುಃಖದಲ್ಲಿ ನಾವೂ ಇದ್ದೀವಿ" ಅನ್ನುವುದು ವಾಡಿಕೆ. ಮನೆಯವರಿಗೆ ಮಾತ್ರ ಹೇಳುವ ಮಾತು ಅದು. ಯಾರಾದರೂ ಬಂದು ಹೇಳುತ್ತಾರೆ ಎಂದು ಮ್ಯಾಲಕಿ ಬಲಗೈಯನ್ನು ಜೇಬಿನಿಂದ ಹೊರಗೇ ಇಟ್ಟುಕೊಂಡಿದ್ದ. ಜನ ಬಂದರು. ಬಂದು ಕೋಟಿನ ಬಟ್ಟೆ ಮುಟ್ಟಿ ನೋಡಿದರು, ಇವತ್ತು ಅಂಗಡಿ ತೆರೆಯುತ್ತದೆಯೇ ಎಂದು ಕೇಳಿದರು, ಲಾರ್ಡರು ಗದ್ದ ಕೊಯ್ದುಕೊಂಡಿದ್ದೇಕೆ ಎಂದು ವಿಚಾರಿಸಿದರು. ಕೈ ಮಾತ್ರ ಯಾರೂ ಹಿಡಿಯಲಿಲ್ಲ. ಅವರ ತಪ್ಪೇನು? ಜೀವಮಾನವೆಲ್ಲ ತಾನೇ ನಗಿಸಿ ನಗಿಸಿ ಅಭ್ಯಾಸ ಮಾಡಿಸಿದ್ದ. ಕೊನೆಗೆ ಚಳಿಯಾಗಿ ಕೈಯನ್ನು ಜೇಬಿಗೆ ತುರುಕಿದ.

ಆಗ ಥ್ಯಾಡಿ ಮುಲ್ವಿಹಿಲ್ ಗೋಡೆ ಹಿಡಿದುಕೊಂಡು ಬಂದ. ಮುಖ ಕೆಂಪಗೆ, ಕಣ್ಣು ಇನ್ನೂ ಕೆಂಪಗೆ.

"ಮ್ಯಾಲಕಿ, ಸ್ವಲ್ಪ ಬಾ. ಗುಂಡಿ ಒಂಥರಾ ಆಗಿದೆ."

"ಒಂಥರಾ ಅಂದ್ರೆ?"

"ಗಿಡ್ಡ ಆಗಿದೆ."

ನಡೆದದ್ದು ಇಷ್ಟು. ಆ ಊರಲ್ಲಿ ಗುಂಡಿ ತೋಡುವುದು ನೆರೆಯವರ ಕೆಲಸ. ಮನೆಯವರು ಸಲಿಕೆ ಮುಟ್ಟುವಂತಿಲ್ಲ, ಮುಟ್ಟಿದವನು ಮನೆಯವನಲ್ಲ. ಯಾರು ಸತ್ತರೂ ಹೋಗಿ ತೋಡುತ್ತಿದ್ದವರು ಥ್ಯಾಡಿ, ಅವನ ತಮ್ಮ ಮಾರ್ಟಿ, ಮತ್ತು ಮ್ಯಾಲಕಿ. ಈ ಸಲ ಮ್ಯಾಲಕಿ ಮನೆಯವನಾದ್ದರಿಂದ ಅಣ್ಣತಮ್ಮಂದಿರಿಬ್ಬರೇ ಉಳಿದರು. ಕೆಲಸ ಮುಗಿದ ಮೇಲೆ ಸತ್ತವರ ಮನೆಯಿಂದ ಒಂದು ಬಾಟಲಿ ವಿಸ್ಕಿ ಬರುವುದು ಕ್ರಮ. ಆದರೆ ದೊಡ್ಡಮನೆಯವರಿಗೆ ಗುಂಡಿಯ ಪದ್ಧತಿ ಹೇಗೆ ಗೊತ್ತಿರಬೇಕು? ಅವರ ಲಾರ್ಡರೆಲ್ಲ ಚರ್ಚಿನ ಪಕ್ಕದ ಕಲ್ಲಿನ ನೆಲಮಾಳಿಗೆಯಲ್ಲಿ ಗೋಡೆಯ ಗೂಡುಗಳೊಳಗೆ ಮಲಗಿದ್ದರು. ಏಳನೆಯವನಿಗೆ ಗೂಡುಗಳೆಲ್ಲ ತುಂಬಿದವು. ಮಣ್ಣಿಗೆ ಹೋಗುವ ಮೊದಲ ಲಾರ್ಡ್ ಈ ಎಂಟನೆಯವನೇ. ಗುಂಡಿ ತೋಡುವವರಿಗೆ ವಿಸ್ಕಿ ಕಳಿಸಬೇಕು ಎಂದು ಮಿಸ್ ಲೆಟಿಗೆ ಯಾರೋ ಹೇಳಿದ್ದರು, ಯಾವಾಗ ಎಂದು ಹೇಳಿರಲಿಲ್ಲ. ಅವಳು ಮುಂಜಾನೆಯೇ ಕಳಿಸಿಬಿಟ್ಟಿದ್ದಳು.

"ಮೊದಲೇ ಯಾಕ್ರೋ ಕುಡಿದ್ರಿ?" ಮ್ಯಾಲಕಿ ಹಲ್ಲು ಕಚ್ಚಿ ಕೇಳಿದ.

"ಮತ್ತೆ? ಸತ್ತವರ ಮನೆಯಿಂದ ಬಂದಿದ್ದನ್ನ ಪಕ್ಕಕ್ಕಿಟ್ರೆ ಅವರಿಗೆ ಅವಮಾನ ಅಲ್ವಾ?" ಥ್ಯಾಡಿ ಎದೆಯ ಮೇಲೆ ಕೈಯಿಟ್ಟ. "ಅವಮಾನ ಆಗ್ದಿರೋ ಹಾಗೆ ನೋಡ್ಕೊಂಡ್ವಿ."

ಚರ್ಚಿನ ಹಿಂದೆ ಹೋಗಿ ನೋಡಿದರೆ ಗುಂಡಿ ಥ್ಯಾಡಿಯ ಅಳತೆಗೆ ಸರಿಯಾಗಿತ್ತು. ಥ್ಯಾಡಿ ಮ್ಯಾಲಕಿಯ ಭುಜಕ್ಕೂ ಬರುವುದಿಲ್ಲ. ಮಾರ್ಟಿ ಪಕ್ಕದ ಸಮಾಧಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದ. ಗುಂಡಿಯ ತಲೆಯ ಕಡೆ, ಇನ್ನಷ್ಟು ಉದ್ದ ಮಾಡಬೇಕಾದ ಕಡೆಯಲ್ಲೇ, ಒಂದು ಸುಣ್ಣಕಲ್ಲು ಅಡ್ಡ ಕೂತಿತ್ತು.

"ಬೇರೆ ಯಾರನ್ನಾದ್ರೂ ಕರಿ," ಎಂದ ಮ್ಯಾಲಕಿ. "ನಾನು ಮುಟ್ಟೋ ಹಾಗಿಲ್ಲ. ಮನೆಯವನು."

"ಕರೀತೀನಿ. ಕರೆದ್ರೆ ಊರಿಗೆಲ್ಲ ಗೊತ್ತಾಗುತ್ತೆ. ದೊಡ್ಡಮನೆ ಮುದುಕನಿಗೆ ಗುಂಡಿ ಸಾಕಾಗ್ಲಿಲ್ಲ ಅಂತ ಮುಂದಿನ ವರ್ಷದ ತನಕ ನಿನ್ನ ಕಟ್ಟೆ ಮೇಲೇ ಕೂತು ನಗ್ತಾರೆ. ಕರೀಲಾ?"

ಒಳಗಿಂದ ಹಾಡು ಕೇಳಿಸಿತು. ಗೋಡೆಯ ಆಚೆ ಸಿಗರೇಟಿನ ಹೊಗೆ, ಯಾರದೋ ಕೆಮ್ಮು. ಮ್ಯಾಲಕಿ ಗುಂಡಿಯನ್ನು ನೋಡಿದ. ನೋಡುತ್ತ ನೋಡುತ್ತ ಅವನಿಗೆ ಸಿಟ್ಟು ಬಂತು. ಪದವಿಯ ಮೇಲಲ್ಲ, ಪದ್ಧತಿಯ ಮೇಲಲ್ಲ, ಗುಂಡಿಯ ಗೋಡೆ ಸೊಟ್ಟಗಿದ್ದುದರ ಮೇಲೆ. ತಾನಿದ್ದಿದ್ದರೆ ಹೀಗಾಗುತ್ತಿತ್ತೇ? ಊರಿನ ಅರ್ಧ ಜನರನ್ನು ನೆಟ್ಟಗೆ ಮಲಗಿಸಿದವನು ಅವನು. ಆ ಮುದುಕ ತಲೆ ತಗ್ಗಿಸಿಕೊಂಡೇ ಬದುಕಿದ್ದ, ಈಗ ಮೊಣಕಾಲು ಮಡಚಿಕೊಂಡು ಮಲಗಬೇಕೇ? ತ್ಯಾಗ ಮಾಡಿದೆ ಎಂದು ಆಮೇಲೆ ಹೇಳಿಕೊಳ್ಳುವ ಆಸೆ ಅವನಿಗೂ ಆಯಿತು. ಆದರೆ ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವನ ತಲೆಯಲ್ಲಿದ್ದದ್ದು ಕಲ್ಲು ಮಾತ್ರ. ಕೋಟು ಬಿಚ್ಚಿ ನೆಲಮಾಳಿಗೆಯ ಕಂಬಿಗೆ ನೇತುಹಾಕಿದ.

"ಹಾರೆ ಕೊಡೋ," ಎಂದು ಇಳಿದ.

ಕಲ್ಲು ಸುಲಭಕ್ಕೆ ಬಗ್ಗಲಿಲ್ಲ. ಹಾರೆ ಕೊಟ್ಟು ಎತ್ತಿದ, ಒದ್ದ, ಬೈದ. ಫಾದರ್ ಕ್ವಿಲ್ಟಿಗೆ ಕೇಳಿಸಿದ್ದರೆ ಚರ್ಚಿನೊಳಗೆ ಹೋಗಿದ್ದೇ ವಾಸಿ ಅನ್ನುವಂಥ ಬೈಗುಳ. ಥ್ಯಾಡಿ ದಡದ ಮೇಲೆ ಹೊಟ್ಟೆಯಡಿ ಮಲಗಿ ಸಲಹೆ ಕೊಡುತ್ತಿದ್ದ. ಕೊನೆಗೆ ಕಲ್ಲು ಕಿತ್ತು ಬಂತು. ಮ್ಯಾಲಕಿ ಸಲಿಕೆ ಹಿಡಿದು ಗೋಡೆಗಳನ್ನು ನೆಟ್ಟಗೆ ಕೆತ್ತಿದ, ತಳ ಸಮ ಮಾಡಿದ.

"ಸಾಕಾಗುತ್ತಾ?" ಎಂದ ಥ್ಯಾಡಿ.

"ಅಳತೆಕೋಲು ಎಲ್ಲಿ?"

"ಮಾರ್ಟಿ ಅದರ ಮೇಲೆ ಮಲಗಿದ್ದಾನೆ. ನೀನೇ ಮಲಗಿ ನೋಡು ಮಾರಾಯಾ. ನೀವಿಬ್ರೂ ಒಂದೇ ಎತ್ತರ ಅಲ್ವಾ."

ಮ್ಯಾಲಕಿ ಮಲಗಿದ. ಪೆಟ್ಟಿಗೆಯ ಹಲಗೆಗೆ ಬೇಕಾದಷ್ಟು ಬಿಟ್ಟರೂ ತಲೆಯ ಕಡೆ ಒಂದು ಗೇಣು, ಕಾಲಿನ ಕಡೆ ಒಂದು ಗೇಣು. ಭುಜ ಎರಡೂ ಕಡೆ ಗೋಡೆಗೆ ತಾಕುತ್ತಿರಲಿಲ್ಲ. ಒಂದೇ ಎತ್ತರ. ಒಂದೇ ಬಾಗಿಲಲ್ಲಿ ತಲೆ ತಗ್ಗಿಸುತ್ತಿದ್ದ ಇಬ್ಬರು. ನಾಳೆ ಗುರುವಾರ. ನಾಳೆ ಬಾಗಿಲು ತೆರೆದರೆ ಯಾರೋ ನೆಟ್ಟಗೆ ನಡೆದುಕೊಂಡು ಒಳಗೆ ಬರುತ್ತಾರೆ. ಏನಪ್ಪಾ ವಾರಸುದಾರ ಎಂದು ಇನ್ನು ಯಾರೂ ಕೇಳುವುದಿಲ್ಲ. ಅವಸರ ಮಾಡಬೇಡ ಅಂದಿದ್ದ, ತಾನೇ ಅವಸರ ಮಾಡಿ ಹೋಗಿಬಿಟ್ಟ. ಸುದ್ದಿ ಬಂದಾಗಿನಿಂದ ಕನ್ನಡಿ ನೋಡಿಕೊಂಡದ್ದೇನು, ಕೋಟು ತೊಟ್ಟದ್ದೇನು, ಒಂದು ಗಳಿಗೆಯಾದರೂ ಆ ಮುದುಕನಿಗಾಗಿ ಅಳಲಿಲ್ಲವಲ್ಲ ಎಂದು ಮ್ಯಾಲಕಿಗೆ ತನ್ನ ಮೇಲೆ ನಾಚಿಕೆಯಾಯಿತು.

"ನಿದ್ದೆ ಬಂತಾ ದೊರೆಗಳೇ?" ಎಂದ ಥ್ಯಾಡಿ. ಮರುಕ್ಷಣವೇ ದನಿ ಬದಲಾಯಿತು. "ಏಯ್ ಏಳೋ, ಬಂದ್ರು!"

ಹಾಡು ನಿಂತದ್ದು ಮ್ಯಾಲಕಿಗೆ ತಿಳಿದೇ ಇರಲಿಲ್ಲ. ಅವನು ದಡಬಡಿಸಿ ಎದ್ದು ನಿಂತ. ಗುಂಡಿ ಎದೆಮಟ್ಟ ಬರುತ್ತಿತ್ತು. ಮೇಲೆ ಉಳಿದದ್ದು ಅಂಗಿಯ ಹರಿದ ಕಂಕುಳು, ಕೆಸರು ಮೆತ್ತಿದ ಮುಖ, ಗದ್ದದ ಬಟ್ಟೆಚೂರು. ಒಂಬತ್ತನೆಯ ಲಾರ್ಡ್ ಕಿಲ್‌ಬ್ರೆನಕ್ ತನ್ನ ಜನರಿಗೆ ಮೊದಲ ಸಲ ದರ್ಶನ ಕೊಟ್ಟದ್ದು ಹೀಗೆ.

ಚರ್ಚಿನ ಮೂಲೆ ತಿರುಗಿ ಪೆಟ್ಟಿಗೆ ಬರುತ್ತಿತ್ತು. ಹೊತ್ತವರ ಮುಂದೆ ರೆವರೆಂಡ್ ಗಿಲ್ಪಿನ್, ಪುಸ್ತಕದ ಮೇಲಿಂದ ಕಣ್ಣು ಹಾಯಿಸಿ ಹೊಸ ಲಾರ್ಡನ್ನು ಹುಡುಕುತ್ತಿದ್ದ. ಪೆಟ್ಟಿಗೆಯ ಬೆನ್ನಿಗೆ ಯಾರೂ ಇರಲಿಲ್ಲ. ಒಬ್ಬ ಆಳು ನಿಲ್ಲುವಷ್ಟು ಜಾಗ ಖಾಲಿ. ಆ ಖಾಲಿ ಜಾಗದ ಹಿಂದೆ ಮಿಸ್ ಲೆಟಿ. ಜಾಗದ ಯಜಮಾನ ಬಂದಿಲ್ಲ, ಆದರೂ ಅವಳು ಅದರೊಳಗೆ ಒಂದು ಹೆಜ್ಜೆ ಇಟ್ಟಿರಲಿಲ್ಲ. ಅಪ್ಪನನ್ನು ಕೊನೆಯ ತನಕ ಎತ್ತಿ ಕೂರಿಸಿ, ಉಣ್ಣಿಸಿ, ಒರೆಸಿದವಳು ಅಪ್ಪನಿಂದ ಒಂದು ಆಳಿನಷ್ಟು ದೂರದಲ್ಲಿ, ಪದ್ಧತಿ ಕೆಡಬಾರದೆಂದು, ತಲೆ ತಗ್ಗಿಸಿ ನಡೆದು ಬರುತ್ತಿದ್ದಳು.

ಮ್ಯಾಲಕಿಗೆ ಆ ಜಾಗ ಕಂಡಿತು. ಕಂಬಿಯ ಮೇಲಿನ ಕೋಟೂ ಕಂಡಿತು. ಈಗಲೂ ಹೊತ್ತು ಮೀರಿರಲಿಲ್ಲ. ಹಾರಿ ಮೇಲೆ ಬಂದು, ಕೋಟು ತೊಟ್ಟು, ನಾಲ್ಕು ಹೆಜ್ಜೆ ಓಡಿದರೆ ಜಾಗ ಅವನದೇ. ಜೀವಮಾನದಲ್ಲಿ ಅವನು ಬೇರೆ ಏನನ್ನೂ ಅಷ್ಟು ಬಯಸಿರಲಿಲ್ಲ. ಆದರೂ ಬಗ್ಗಿ ಸಲಿಕೆ ತೆಗೆದುಕೊಂಡು, ಊರಿಗೆಲ್ಲ ಕಾಣುವ ಹಾಗೆ ತಲೆಯ ಮೇಲಕ್ಕೆ ಎತ್ತಿ ಹಿಡಿದ.

"ಮಿಸ್ ಲೆಟಿ," ಎಂದು ಕೂಗಿದ. "ಮುಂದೆ ಬನ್ನಿ. ನಾನು ಗುಂಡಿ ತೋಡೋನು."

ಹಿಂದೆ ಬಂದಿದ್ದ ಊರಿನವರಲ್ಲಿ ಯಾರೂ ನಗಲಿಲ್ಲ. ಸಲಿಕೆ ಹಿಡಿದವನು ಮನೆಯವನಲ್ಲ, ಆ ಜಾಗಕ್ಕೆ ಅವನ ಹಕ್ಕಿಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಪದ್ಧತಿಯನ್ನು ಇನ್ನೊಂದು ಪದ್ಧತಿಯಿಂದ ಕಟ್ಟಿಹಾಕಿದ್ದಾನೆ, ಪಾದ್ರಿ ಏನು ಹೇಳಿಯಾನು? ಮಿಸ್ ಲೆಟಿ ತಲೆ ಎತ್ತಿದಳು. ಸಲಿಕೆಯನ್ನು ನೋಡಿದಳು, ಕಂಬಿಯ ಮೇಲಿನ ಕೋಟನ್ನು ನೋಡಿದಳು. ಆಮೇಲೆ ಆ ಖಾಲಿ ಜಾಗಕ್ಕೆ ನಡೆದು ಹೋಗಿ, ಶವಪೆಟ್ಟಿಗೆಯ ಹಲಗೆಯ ಮೇಲೆ ಅಂಗೈ ಇಟ್ಟುಕೊಂಡು, ಅಪ್ಪನ ಬೆನ್ನಿಗೇ ಗುಂಡಿಯ ತನಕ ಬಂದಳು.

ಪೆಟ್ಟಿಗೆಯನ್ನು ದಡದಲ್ಲಿ ಇಳಿಸಿದರು. ಮ್ಯಾಲಕಿ ಇನ್ನೂ ಗುಂಡಿಯಲ್ಲೇ ಇದ್ದ. ಹತ್ತಲು ನೋಡಿದರೆ ಮಣ್ಣು ಜಾರಿತು. ಇನ್ನೊಮ್ಮೆ ನೋಡಿದ, ಇನ್ನೊಮ್ಮೆ ಜಾರಿತು. ಲಾರ್ಡ್ ಹೊರಗೆ ಬಾರದೆ ಲಾರ್ಡ್ ಒಳಗೆ ಹೋಗುವ ಹಾಗಿಲ್ಲ. ಥ್ಯಾಡಿ ಕೈ ಕೊಡೋಣವೆಂದು ಬಗ್ಗಿದ, ಅವನೇ ಒಳಗೆ ಬೀಳುವಂತಾಯಿತು. ಆಗ ಮಿಸ್ ಲೆಟಿ ಕೈಗವಸು ಬಿಚ್ಚಿದಳು.

"ಕೈ ಕೊಡಿ, ಮ್ಯಾಲಕಿ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಕೆಸರಿನ ಕೈ ಕೊಟ್ಟ. ಅವಳಿಗೂ ಡೆವನಿಶರ ಎತ್ತರ, ಡೆವನಿಶರ ಮೂಳೆ. ಒಂದೇ ಎಳೆತಕ್ಕೆ ಅವನು ಮೇಲೆ ಬಂದು 'ಕ್ಷಮಿಸಿ' ಎಂದು ಕೈ ಹಿಂದಕ್ಕೆ ತೆಗೆಯಲು ಹೋದ. ಅವಳು ಬಿಡಲಿಲ್ಲ. ಎರಡು ಕೈಯಿಂದ ಹಿಡಿದುಕೊಂಡಳು.

"ನಿಮ್ಮ ದುಃಖದಲ್ಲಿ ನಾನೂ ಇದ್ದೀನಿ," ಎಂದಳು. ಊರಿಗೆಲ್ಲ ಕೇಳಿಸಿತು.

ಮ್ಯಾಲಕಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಯಾವತ್ತೂ ಒಂದು ಕುಚೋದ್ಯ ಸಿದ್ಧವಿರುತ್ತಿತ್ತು. ಈಗಲೂ ಹುಡುಕಿದ. ಬಾಯಿ ತೆರೆದ. ಬಂದದ್ದು ಅಳು. ಅರವತ್ತರ ಗಂಡಸು, ಗದ್ದಕ್ಕೆ ಬಟ್ಟೆಚೂರು ಅಂಟಿಸಿಕೊಂಡು, ಕರುವಿನ ಹಾಗೆ ಗಟ್ಟಿಯಾಗಿ ಅತ್ತ. ಮಿಸ್ ಲೆಟಿಯೂ ಅತ್ತಳು. ದೊಡ್ಡಮನೆಯವರು ಹೊರಗೆ ಅಳುವುದನ್ನು ಊರು ಯಾವತ್ತೂ ನೋಡಿರಲಿಲ್ಲ.

ಪೆಟ್ಟಿಗೆ ಇಳಿಯಿತು. ತಲೆಯ ಕಡೆ ಒಂದು ಗೇಣು, ಕಾಲಿನ ಕಡೆ ಒಂದು ಗೇಣು. ಪ್ರಾರ್ಥನೆ ಮುಗಿದಾಗ ಮ್ಯಾಲಕಿ ಮೂಗು ಒರೆಸಿಕೊಂಡು, ಅಭ್ಯಾಸಬಲದಿಂದ, ಮಣ್ಣು ಎಳೆಯಲು ಸಲಿಕೆಗೆ ಕೈ ಹಾಕಿದ. ಥ್ಯಾಡಿ ಅದನ್ನು ಅವನ ಕೈಯಿಂದ ಕಿತ್ತುಕೊಂಡ. ಟೋಪಿ ಅವನ ತಲೆಯ ಮೇಲಿರಲಿಲ್ಲ.

"ಬಿಡು ಇಲ್ಲಿ," ಎಂದ ಮೆಲ್ಲಗೆ. "ಮನೆಯವರು ಸಲಿಕೆ ಮುಟ್ಬಾರ್ದು."

ಜನ ಆಗಲೇ ಕೈ ಕುಲುಕಲು ಸಾಲು ಹಿಡಿದಿದ್ದರು. ಮೊದಲಿಗೆ ನಿಂತವಳು ಡೆಲಿಯ, ತೋಳಿನ ಮೇಲೆ ಕರಿ ಕೋಟು ಮಡಚಿ ಹಾಕಿಕೊಂಡಿದ್ದಳು. ಮಿಸ್ ಲೆಟಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತನ್ನ ಬಲಗಡೆ ಅವನಿಗೆ ನಿಲ್ಲಲು ಜಾಗ ಮಾಡಿದಳು.